ಚಂಡೀಗಢದ ಜಗಳದ ಬೇರು ಜನಗಣತಿಯ ಒಂದು ಕಾಲಂನಲ್ಲಿದೆ

2025ರ ನವೆಂಬರ್‌ನಲ್ಲಿ ಸಂಸತ್ತಿನ ಚಳಿಗಾಲದ ಅಧಿವೇಶನಕ್ಕೆ ಬರುವ ಮಸೂದೆಗಳ ಪಟ್ಟಿ ಹೊರಬಿತ್ತು. ಅದರಲ್ಲಿ ಸಂವಿಧಾನದ 131ನೇ ತಿದ್ದುಪಡಿ ಮಸೂದೆಯೂ ಇತ್ತು. ಪಂಜಾಬ್, ಹರಿಯಾಣ ಎರಡಕ್ಕೂ ರಾಜಧಾನಿಯಾಗಿರುವ ಕೇಂದ್ರಾಡಳಿತ ಪ್ರದೇಶ ಚಂಡೀಗಢವನ್ನು 240ನೇ ವಿಧಿಯ ಅಡಿಗೆ ತರುವ ಮಸೂದೆ ಅದು. ಅಂದರೆ ಅಂಡಮಾನ್, ಲಕ್ಷದ್ವೀಪಗಳ ಹಾಗೆ ಈ ನಗರಕ್ಕೂ ರಾಷ್ಟ್ರಪತಿಗಳು ನೇರವಾಗಿ ನಿಯಮ ಮಾಡಬಹುದು. ಈಗ ಪಂಜಾಬಿನ ರಾಜ್ಯಪಾಲರೇ ಚಂಡೀಗಢದ ಆಡಳಿತಾಧಿಕಾರಿ. ಮುಂದೆ ಅಲ್ಲಿಗೆ ಬೇರೆಯವರನ್ನು ಕೂರಿಸುವುದು ಸುಲಭವಾಗುತ್ತದೆ ಎಂಬ ಮಾತು ಎದ್ದಿತು. ಪಂಜಾಬಿನಲ್ಲಿ ಆಮ್ ಆದ್ಮಿ, ಕಾಂಗ್ರೆಸ್, ಅಕಾಲಿ ದಳ ಮೂರೂ ಒಂದೇ ದನಿಯಲ್ಲಿ ಕೂಗೆಬ್ಬಿಸಿದವು. ಗೃಹ ಸಚಿವಾಲಯ ತಡ ಮಾಡಲಿಲ್ಲ. ಅಂತಿಮ ತೀರ್ಮಾನ ಆಗಿಲ್ಲ, ಈ ಅಧಿವೇಶನದಲ್ಲಿ ಮಸೂದೆ ಮಂಡಿಸುವ ಉದ್ದೇಶವೂ ಇಲ್ಲ ಎಂದು ಹೇಳಿ ಕೈತೊಳೆದುಕೊಂಡಿತು.

ದೂರದಿಂದ ನೋಡಿದವರಿಗೆ ಇದು ಅತಿಯಾಯಿತು ಅನ್ನಿಸಬಹುದು. ಇನ್ನೂ ಮಂಡನೆಯೇ ಆಗದ ಮಸೂದೆಗೆ ಇಷ್ಟು ಗಲಾಟೆಯೇ? ಆದರೆ ಪಂಜಾಬಿನವರ ಪಾಲಿಗೆ ಚಂಡೀಗಢ 60 ವರ್ಷದಿಂದ ಇತ್ಯರ್ಥವಾಗದ ಆಸ್ತಿ ವ್ಯಾಜ್ಯ. ಆ ವ್ಯಾಜ್ಯ ಹುಟ್ಟಿದ್ದು 1966ರಲ್ಲಿ ರಾಜ್ಯ ಪಾಲಾದಾಗ. ಪಾಲು ಮಾಡಲು ಹಿಡಿದ ಅಳತೆಗೋಲು 1961ರ ಜನಗಣತಿಯಲ್ಲಿ ಜನ ಹೇಳಿದ ತಾಯ್ನುಡಿ. ಆ ಕಾಲಂನಲ್ಲಿ ಬರೆಸಿದ್ದಕ್ಕೂ ಮನೆಯಲ್ಲಿ ಆಡುತ್ತಿದ್ದ ಮಾತಿಗೂ ಲಕ್ಷಾಂತರ ಮನೆಗಳಲ್ಲಿ ಸಂಬಂಧವೇ ಇರಲಿಲ್ಲ. ಪಂಜಾಬಿನ ಮುಂದಿನ ಗೋಳಿಗೆಲ್ಲ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಇದನ್ನು ಬಿಟ್ಟರೆ ಚಂಡೀಗಢವಾಗಲಿ, ನೀರಿನ ಜಗಳವಾಗಲಿ ಅರ್ಥವಾಗುವುದಿಲ್ಲ.

ನವೆಂಬರ್ 1 ನಮಗೆ ರಾಜ್ಯೋತ್ಸವ. ಇವತ್ತಿನ ಪಂಜಾಬ್ ಮತ್ತು ಹರಿಯಾಣ ಹುಟ್ಟಿದ್ದೂ ನವೆಂಬರ್ 1ರಂದೇ. ನಮ್ಮದು 1956, ಅವರದು 1966. ನಡುವಿನ ಹತ್ತು ವರ್ಷದ ಅಂತರ ಆಕಸ್ಮಿಕವಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಒಂದು ಮಾಡಲು ದಾರಿ ಮಾಡಿಕೊಟ್ಟದ್ದು ಅದೇ ವರದಿ. ಪಂಜಾಬಿ ಭಾಷೆಗೊಂದು ರಾಜ್ಯ ಬೇಡ ಎಂದದ್ದೂ ಅದೇ ವರದಿ. ಪಂಜಾಬಿಗೂ ಹಿಂದಿಗೂ ರಾಜ್ಯ ಒಡೆಯುವಷ್ಟು ಅಂತರವಿಲ್ಲ, ಅಲ್ಲಿನ ಜಗಳ ಹೆಚ್ಚಾಗಿ ಲಿಪಿಯದು, ಸುಬಾ ಬೇಡಿಕೆಗೆ ಎಲ್ಲರ ಬೆಂಬಲವೂ ಇಲ್ಲ ಎಂಬುದು ಆಯೋಗದ ವಾದ. ಸುಬಾ ಅಂದರೆ ಪ್ರಾಂತ್ಯ, ಮೊಗಲರ ಕಾಲದಿಂದ ಬಂದ ಮಾತು.

ಲಿಪಿಯ ಜಗಳ ಎಂದದ್ದರಲ್ಲಿ ಸತ್ಯವಿತ್ತು. ಅದು ಹೇಗೆ ಬಂತು ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಂಜಾಬಿನಲ್ಲಿ ಮುಸ್ಲಿಂ, ಹಿಂದೂ, ಸಿಖ್ ಎಲ್ಲರ ಮನೆಮಾತೂ ಪಂಜಾಬಿಯೇ. ಆದರೆ ಸರ್ಕಾರದ ಭಾಷೆ ಅದು ಯಾವತ್ತೂ ಆಗಿರಲಿಲ್ಲ. ಸಿಖ್ ದೊರೆ ರಣಜಿತ್ ಸಿಂಗ್‌ನ ದರ್ಬಾರಿನಲ್ಲಿ ಕೂಡ ಕಾಗದಪತ್ರ ಪರ್ಷಿಯನ್‌ನಲ್ಲೇ ನಡೆಯುತ್ತಿತ್ತು. 1849ರಲ್ಲಿ ರಾಜ್ಯ ಕಿತ್ತುಕೊಂಡ ಬ್ರಿಟಿಷರು ಕೆಳಹಂತದ ಆಡಳಿತಕ್ಕೂ ಶಾಲೆಗೂ ಉರ್ದು ತಂದರು. ಪಂಜಾಬಿಯನ್ನು ಅವರು ಒಂದು ಆಡುಮಾತು ಅಂತಲೇ ಕಂಡರು. ಆಮೇಲೆ ಮತಸುಧಾರಣೆಯ ಸಂಘಗಳು ಬಂದವು. 1873ರಲ್ಲಿ ಅಮೃತಸರದಲ್ಲಿ ಸಿಂಗ್ ಸಭಾ ಶುರುವಾಯಿತು, 1877ರಲ್ಲಿ ಲಾಹೋರಿನಲ್ಲಿ ಆರ್ಯ ಸಮಾಜ ನೆಲೆಯೂರಿತು. ಸಿಂಗ್ ಸಭಾದವರು ಗುರುಗಳ ವಾಣಿಯ ಲಿಪಿಯಾದ ಗುರುಮುಖಿ ಹಿಡಿದರು. ಆರ್ಯ ಸಮಾಜದವರು ಹಿಂದಿ, ದೇವನಾಗರಿ ಎಂದರು. ಮುಸ್ಲಿಂ ಮುಖಂಡರು ಉರ್ದುವಿನ ಪರ ನಿಂತರು. ಬೀದಿಯಲ್ಲಿ, ಅಡುಗೆಮನೆಯಲ್ಲಿ ಎಲ್ಲರೂ ಪಂಜಾಬಿ ಆಡುತ್ತಲೇ ಇದ್ದರು. ಭಾಷೆಯ ಹೆಸರು ಮಾತ್ರ ಧರ್ಮದ ಬೆನ್ನು ಹತ್ತಿತು.

1947ರಲ್ಲಿ ದೇಶ ಒಡೆದಾಗ ಲಾಹೋರ್ ಆಚೆ ಹೋಯಿತು. ಉರ್ದುವಿನ ಪರ ಇದ್ದ ಜನಸಮೂಹವೂ ಬಹುಪಾಲು ಆಚೆಗೇ ಉಳಿಯಿತು. ಈಚೆ ಉಳಿದದ್ದು ಇಬ್ಬರ ಜಗಳ, ಪಂಜಾಬಿ ಮತ್ತು ಹಿಂದಿ. ಅದನ್ನು ತಣ್ಣಗಾಗಿಸಲು ಮುಖ್ಯಮಂತ್ರಿ ಭೀಮಸೇನ ಸಾಚಾರ್ 1949ರ ಅಕ್ಟೋಬರ್‌ನಲ್ಲಿ ಒಂದು ಸೂತ್ರ ತಂದರು. ರಾಜ್ಯವನ್ನು ಪಂಜಾಬಿ ಪ್ರದೇಶ, ಹಿಂದಿ ಪ್ರದೇಶ ಅಂತ ಗುರುತಿಸುವುದು. ಮಗು ತನ್ನ ಪ್ರದೇಶದ ಭಾಷೆಯಲ್ಲಿ ಶಾಲೆ ಶುರು ಮಾಡಿ, ಪ್ರಾಥಮಿಕ ಹಂತದ ಕೊನೆಯಲ್ಲಿ ಇನ್ನೊಂದು ಭಾಷೆ ಕಲಿಯುವುದು. ಕಾಗದದ ಮೇಲೆ ಒಳ್ಳೆಯ ಸೂತ್ರ. ಆದರೆ ಆರ್ಯ ಸಮಾಜದ ಶಾಲೆಗಳು ಒಪ್ಪಲಿಲ್ಲ. ಪಂಜಾಬಿ ಮಾತಾಡುವ ಹುಡುಗನಿಗೆ ಪಂಜಾಬಿ ಓದಿಸುವುದನ್ನು ಹೇರಿಕೆ ಎಂದು ಕರೆದರು. ಕಷ್ಟ ಗುರುಮುಖಿಯದಾಗಿತ್ತು. ಅದು ಸಿಖ್ಖರ ಲಿಪಿ, ನಮ್ಮ ಮಕ್ಕಳು ಯಾಕೆ ಕಲಿಯಬೇಕು ಎಂಬ ಮಾತು.

1951ರ ಜನಗಣತಿ ಬಂದಾಗ ಈ ಜಗಳ ಮನೆಬಾಗಿಲಿಗೇ ಬಂತು. ಹಿಂದೂಗಳು ಹಿಂದಿ ಬರೆಸಿ, ಸಿಖ್ಖರು ಪಂಜಾಬಿ ಬರೆಸಿ ಎಂಬ ಪ್ರಚಾರ ಊರೂರಲ್ಲಿ ನಡೆಯಿತು. ಕೊನೆಗೆ ಲೆಕ್ಕ ನಂಬುವ ಹಾಗೇ ಇರಲಿಲ್ಲ. ಪಂಜಾಬ್ ಮತ್ತು ಪಟಿಯಾಲ ಮೊದಲಾದ ಹಳೆಯ ಸಂಸ್ಥಾನಗಳು ಸೇರಿ ಆಗಿದ್ದ ಪೆಪ್ಸು ರಾಜ್ಯಗಳಲ್ಲಿ ಹಿಂದಿ, ಉರ್ದು, ಪಂಜಾಬಿ, ಪಹಾಡಿ ಎಲ್ಲವನ್ನೂ ಒಂದೇ ರಾಶಿ ಹಾಕಿ ಅಂಕಿ ಪ್ರಕಟಿಸಬೇಕಾಯಿತು. ಇದರಲ್ಲೊಂದು ತಮಾಷೆಯೂ ಇದೆ. ಹಿಂದಿ ಬರೆಸಿ ಅಂತ ಹಿಂದೂಗಳಿಗೆ ಕರೆ ಕೊಡುತ್ತಿದ್ದ ಜಲಂಧರದ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದು ಉರ್ದುವಿನಲ್ಲಿ. ಆ ತಲೆಮಾರಿನ ಓದುಬಲ್ಲ ಹಿಂದೂ ಗಂಡಸರಿಗೆ ಓದಲು ಬರುತ್ತಿದ್ದದ್ದೇ ಉರ್ದು ಲಿಪಿ. ಮನೆಯಲ್ಲಿ ಪಂಜಾಬಿ ಮಾತಾಡಿ, ಉರ್ದುವಿನಲ್ಲಿ ಪತ್ರಿಕೆ ಓದಿ, ಗಣತಿದಾರರಿಗೆ ಹಿಂದಿ ಅಂತ ಹೇಳಿದರು.

ಅವರನ್ನು ಸುಮ್ನೆ ಸುಳ್ಳುಗಾರರು ಎಂದುಬಿಡುವುದು ಸರಿಯಲ್ಲ. ಅಕಾಲಿ ನಾಯಕ ಮಾಸ್ಟರ್ ತಾರಾ ಸಿಂಗ್ ಭಾಷೆಯ ಮಾತನ್ನೂ ಸಿಖ್ ಪಂಥದ ಮಾತನ್ನೂ ಒಟ್ಟಿಗೇ ಆಡುತ್ತಿದ್ದರು. ಪಂಜಾಬಿ ಸುಬಾ ಎಂದರೆ ಸಿಖ್ಖರು ಬಹುಮತದಲ್ಲಿರುವ ರಾಜ್ಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಗಷ್ಟೇ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಓಡಿಬಂದಿದ್ದ ಹಿಂದೂ ಕುಟುಂಬಕ್ಕೆ ಮತ್ತೊಂದು ಸಲ ಅಲ್ಪಸಂಖ್ಯಾತರಾಗುವ ಹೆದರಿಕೆ ಇದ್ದರೆ ಆಶ್ಚರ್ಯವಿಲ್ಲ. ಸಿಖ್ಖರ ದೂರಿನಲ್ಲೂ ಹುರುಳಿತ್ತು. ತೆಲುಗರಿಗೆ, ಕನ್ನಡಿಗರಿಗೆ, ಮಲಯಾಳಿಗಳಿಗೆ ಕೊಟ್ಟದ್ದನ್ನು ನಮಗೆ ಮಾತ್ರ ಯಾಕೆ ಕೊಡುವುದಿಲ್ಲ ಅಂದರೆ ದೆಹಲಿಯ ಬಳಿ ನೇರ ಉತ್ತರ ಇರಲಿಲ್ಲ. ಗಡಿನಾಡು, ಧರ್ಮ ಎಂಬ ಅಂಜಿಕೆಯನ್ನು ಬಾಯಿಬಿಟ್ಟು ಹೇಳುವ ಬದಲು ಭಾಷೆಗಳಲ್ಲಿ ಅಂಥ ವ್ಯತ್ಯಾಸವಿಲ್ಲ ಎಂಬ ನೆಪ ಹೇಳಿದರು. ನನಗನ್ನಿಸುವ ಹಾಗೆ ಆಯೋಗದ ವರದಿಯಲ್ಲಿ ಇದರಷ್ಟು ಬಡಕಲು ವಾದ ಇನ್ನೊಂದಿಲ್ಲ.

ಚಳವಳಿಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1955ರಲ್ಲಿ ಪಂಜಾಬಿ ಸುಬಾ ಘೋಷಣೆ ಕೂಗುವುದನ್ನೇ ನಿಷೇಧಿಸಿದರು. ಜುಲೈನಲ್ಲಿ ಪೊಲೀಸರು ಸ್ವರ್ಣಮಂದಿರದ ಆವರಣಕ್ಕೆ ನುಗ್ಗಿದರು. ಅದಕ್ಕಾಗಿ ಸಾಚಾರ್ ಆಮೇಲೆ ಕ್ಷಮೆ ಕೇಳಬೇಕಾಯಿತು. 1956ರಲ್ಲಿ ಪೆಪ್ಸುವನ್ನು ಪಂಜಾಬಿಗೆ ಸೇರಿಸಿ, ಒಂದೇ ರಾಜ್ಯದೊಳಗೆ ಎರಡು ಭಾಷಾ ವಲಯ ಎಂಬ ಹೊಸ ಏರ್ಪಾಡು ಮಾಡಿದರು. ಮರುವರ್ಷ ಅದರ ವಿರುದ್ಧ ಹಿಂದಿ ಉಳಿಸಿ ಚಳವಳಿ. 1961ರ ಆಗಸ್ಟ್ 15ರಂದು ತಾರಾ ಸಿಂಗ್ ಆಮರಣ ಉಪವಾಸ ಕೂತರು. 48 ದಿನ ಆದಮೇಲೆ ಬೇಡಿಕೆ ಈಡೇರದೆಯೇ ಮುರಿದರು. ಗುರುವಿನ ಹೆಸರಲ್ಲಿ ಮಾಡಿದ ಪ್ರತಿಜ್ಞೆ ಮುರಿದದ್ದಕ್ಕೆ ಪಂಚ ಪ್ಯಾರೆಗಳು, ಅಂದರೆ ಪಂಥದ ಪರವಾಗಿ ತೀರ್ಪು ಹೇಳುವ ಐವರು, ಅವರಿಗೆ ಶಿಕ್ಷೆ ವಿಧಿಸಿದರು. ಆ ಕಾಲದ ಅತಿ ದೊಡ್ಡ ಸಿಖ್ ನಾಯಕ 5 ದಿನ ಭಕ್ತರ ಪಾದರಕ್ಷೆ ಒರೆಸಿ, ಲಂಗರಿನಲ್ಲಿ ಪಾತ್ರೆ ತೊಳೆದರು. ಅವರ ರಾಜಕೀಯ ಅಲ್ಲಿಂದ ಮೇಲೇಳಲಿಲ್ಲ. ಮುಂದೆ ಬಂದದ್ದು ಸಂತ ಫತೇ ಸಿಂಗ್. ನಮಗೆ ಸಿಖ್ಖರ ಸಂಖ್ಯೆ ಮುಖ್ಯವಲ್ಲ, ಪಂಜಾಬಿ ಆಡುವವರ ರಾಜ್ಯ ಬೇಕು ಅಂತ ಅವರು ಹೇಳತೊಡಗಿದರು. ಬೇಡಿಕೆ ಅದೇ, ಮಾತಿನ ವರಸೆ ಬೇರೆ. ದೆಹಲಿಗೆ ಒಪ್ಪಿಕೊಳ್ಳಲು ಇದರಿಂದ ಒಂದು ದಾರಿ ಸಿಕ್ಕಿತು.

1965ರ ಯುದ್ಧದಲ್ಲಿ ಪಂಜಾಬೇ ರಣರಂಗ. ಸಿಖ್ ಸೈನಿಕರೂ ಗಡಿಯ ರೈತರೂ ಗಟ್ಟಿಯಾಗಿ ನಿಂತದ್ದನ್ನು ದೇಶ ನೋಡಿತು. ಇನ್ನು ಇಲ್ಲ ಅನ್ನುವುದು ಕಷ್ಟವಾಯಿತು. 1966ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಒಪ್ಪಿತು. ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಗಡಿ ಆಯೋಗ ಕೂತಿತು, ಮೇ 31ಕ್ಕೆ ವರದಿ ಕೊಟ್ಟುಬಿಟ್ಟಿತು. ಕೋಟಿಗಟ್ಟಲೆ ಜನರ ಗಡಿಯನ್ನು ಐದಾರು ವಾರದಲ್ಲಿ ಎಳೆದರು. ಆಧಾರ ಯಾವುದು? 1961ರ ಗಣತಿ. 1951ರಲ್ಲಿ ನಡೆದ ಪ್ರಚಾರ 1961ರಲ್ಲೂ ನಡೆದಿತ್ತು. ಅಕಾಲಿಗಳು ಆಗಲೇ ತಕರಾರು ಎತ್ತಿದರು. ಆದರೆ ಕೈಯಲ್ಲಿದ್ದ ಅಂಕಿ ಅದೊಂದೇ.

ಕಾಂಗ್ರಾ, ಕುಲು, ಶಿಮ್ಲಾ, ಲಾಹೌಲ್-ಸ್ಪಿತಿಯ ಗುಡ್ಡಗಾಡು ಹಿಮಾಚಲಕ್ಕೆ ಹೋಯಿತು. ದಕ್ಷಿಣದ ಬಯಲು ಹರಿಯಾಣ ಆಯಿತು. ಉಳಿದದ್ದು ಪಂಜಾಬ್. ಕಗ್ಗಂಟಾದದ್ದು ಚಂಡೀಗಢ. ಲಾಹೋರ್ ಹೋದಮೇಲೆ ಪಂಜಾಬಿಗೆ ರಾಜಧಾನಿ ಬೇಕೆಂದು ಹಳ್ಳಿಗಳನ್ನು ಎಬ್ಬಿಸಿ, ವಾಸ್ತುಶಿಲ್ಪಿ ಕಾರ್ಬೂಸಿಯೆ ಕೈಯಲ್ಲಿ ನಕ್ಷೆ ಹಾಕಿಸಿ ಕಟ್ಟಿದ ಊರು ಅದು. ಎಬ್ಬಿಸಿದ ಹಳ್ಳಿಗಳು ಪಂಜಾಬಿ ಆಡುವ ಹಳ್ಳಿಗಳು. ಆದರೆ ಹೊಸ ನಗರಕ್ಕೆ ಬಂದ ನೌಕರರು, ವ್ಯಾಪಾರಿಗಳು ಹೆಚ್ಚಾಗಿ ಹಿಂದಿ ಬರೆಸಿದ್ದರು. ಹಾಗಾಗಿ ಚಂಡೀಗಢವಿದ್ದ ಖರಡ್ ತಹಸೀಲು ಹರಿಯಾಣಕ್ಕೆ ಹೋಗಲಿ ಎಂದು ಆಯೋಗದ ಬಹುಮತ ಹೇಳಿತು. ಸದಸ್ಯ ಸುಬಿಮಲ್ ದತ್ತ್ ಒಪ್ಪಲಿಲ್ಲ. ಕೇಂದ್ರ ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿತು. ಸದ್ಯಕ್ಕೆ ಇರಲಿ ಎಂದು ಮಾಡಿದ ಏರ್ಪಾಡು ಇವತ್ತಿಗೂ ಇದೆ. ಎರಡು ರಾಜ್ಯಗಳ ಸಚಿವಾಲಯ ಒಂದೇ ಕಟ್ಟಡದಲ್ಲಿ, ಹೈಕೋರ್ಟ್ ಒಂದೇ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಅದೇ 1966ರ ಅಕ್ಟೋಬರ್‌ನಲ್ಲಿ ಬೆಳಗಾವಿ ಗಡಿ ತೀರ್ಮಾನಿಸಲು ಮೆಹರ್ ಚಂದ್ ಮಹಾಜನ್ ಆಯೋಗ ನೇಮಕವಾಯಿತು. ಮಹಾಜನ್ ಕಾಂಗ್ರಾ ಜಿಲ್ಲೆಯವರು. 1947ರಲ್ಲಿ ಪಂಜಾಬನ್ನು ಸೀಳಿದ ರ‍್ಯಾಡ್‌ಕ್ಲಿಫ್ ಗಡಿ ಆಯೋಗದಲ್ಲೂ ಸದಸ್ಯರಾಗಿದ್ದರು. ಬೆಳಗಾವಿ ನಮ್ಮಲ್ಲೇ ಉಳಿಯಲಿ ಎಂದವರು ಅವರೇ ಅಂತ ನಾವು ನೆನೆಯುತ್ತೇವೆ. ಆದರೆ ಅವರು ಬೆಳಗಾವಿಯ ಕಡತ ನೋಡುತ್ತಿದ್ದ ದಿನಗಳಲ್ಲಿ ಅವರ ಹುಟ್ಟೂರಿನ ಜಿಲ್ಲೆ ಪಂಜಾಬಿನಿಂದ ಹಿಮಾಚಲಕ್ಕೆ ಕೈ ಬದಲಾಯಿಸುತ್ತಿತ್ತು.

ಚಂಡೀಗಢ ಬೇಕೆಂದು ಸ್ವಾತಂತ್ರ್ಯ ಹೋರಾಟಗಾರ ದರ್ಶನ್ ಸಿಂಗ್ ಫೇರುಮಾನ್ 1969ರಲ್ಲಿ ಉಪವಾಸ ಕೂತರು. 74ನೇ ದಿನ ತೀರಿಕೊಂಡರು. 1970ರ ಜನವರಿಯಲ್ಲಿ ಇಂದಿರಾ ಗಾಂಧಿ ತೀರ್ಪು ಕೊಟ್ಟರು. ಚಂಡೀಗಢ ಪಂಜಾಬಿಗೆ, ಬದಲಿಗೆ ಹತ್ತಿ ಬೆಳೆಯುವ ಅಬೋಹರ್-ಫಾಜಿಲ್ಕಾ ಭಾಗ ಹರಿಯಾಣಕ್ಕೆ. ಅಬೋಹರ್ ಹರಿಯಾಣದ ಗಡಿಗೆ ಅಂಟಿಕೊಂಡಿರಲಿಲ್ಲ. ಹಾಗಾಗಿ ಒಂದು ಫರ್ಲಾಂಗ್ ಅಗಲದ ಪಟ್ಟಿಯಿಂದ ಎರಡನ್ನೂ ಜೋಡಿಸುವ ಯೋಜನೆ. ನಕ್ಷೆಯಲ್ಲಿ ದಾರದ ಹಾಗೆ ಕಾಣುವ ರಾಜ್ಯ! ಯಾರಿಗೂ ಒಪ್ಪಿಗೆಯಾಗಲಿಲ್ಲ, ಜಾರಿಗೂ ಬರಲಿಲ್ಲ.

1985ರ ಜುಲೈ 24ರಂದು ರಾಜೀವ್ ಗಾಂಧಿ ಮತ್ತು ಅಕಾಲಿ ನಾಯಕ ಸಂತ ಹರಚಂದ್ ಸಿಂಗ್ ಲೋಂಗೊವಾಲ್ ಒಪ್ಪಂದ ಮಾಡಿಕೊಂಡರು. ಸ್ವರ್ಣಮಂದಿರದ ಮೇಲಿನ ಸೇನಾ ಕಾರ್ಯಾಚರಣೆ, ಇಂದಿರಾ ಹತ್ಯೆ, ದೆಹಲಿಯಲ್ಲಿ ಸಿಖ್ಖರ ನರಮೇಧ ಎಲ್ಲ ಹಿಂದಿನ ವರ್ಷವಷ್ಟೇ ಆಗಿದ್ದವು. ಚಂಡೀಗಢವನ್ನು 1986ರ ಜನವರಿ 26ಕ್ಕೆ ಪಂಜಾಬಿಗೆ ಕೊಡುವುದು, ಬದಲಿಗೆ ಹಿಂದಿ ಭಾಷಿಕ ಊರುಗಳನ್ನು ಹರಿಯಾಣಕ್ಕೆ ಕೊಡುವುದು ಒಪ್ಪಂದದ ಒಂದು ಭಾಗ. ಹಳ್ಳಿಯೇ ಘಟಕ, ಊರಿಗೆ ಊರು ಹೊಂದಿಕೊಂಡಿರಬೇಕು ಎಂಬ ಷರತ್ತು. ಸಹಿ ಹಾಕಿ ಒಂದು ತಿಂಗಳಾಗುವ ಮೊದಲೇ ಲೋಂಗೊವಾಲ್ ಕೊಲೆಯಾದರು. ಊರುಗಳನ್ನು ಗುರುತಿಸುವ ಕೆಲಸ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಆಯೋಗದ ಹೆಗಲಿಗೆ ಬಿತ್ತು.

ಲೆಕ್ಕವೆಲ್ಲ ಬಂದು ನಿಂತದ್ದು ಕಂದೂಖೇಡಾ ಎಂಬ ಒಂದು ಸಣ್ಣ ಹಳ್ಳಿಯಲ್ಲಿ. ಅಬೋಹರ್ ಸೀಮೆಗೂ ಹರಿಯಾಣಕ್ಕೂ ಕೊಂಡಿ ಆ ಊರು. ಅದು ಹಿಂದಿ ಎಂದರೆ ಆಚೆಯ ಊರುಗಳೆಲ್ಲ ಹರಿಯಾಣಕ್ಕೆ, ಪಂಜಾಬಿ ಎಂದರೆ ಕೊಂಡಿ ಕಳಚಿತು. ಆ ಸೀಮೆಯ ಬಹಳಷ್ಟು ಜನರ ಮಾತು ಬಾಗ್ಡಿ. ರಾಜಸ್ಥಾನಿ ಕಡೆಗೆ ವಾಲುವ, ಪಂಜಾಬಿಯೂ ಬೆರೆತ ನುಡಿ. ಗಣತಿಯಲ್ಲಿ ಅದಕ್ಕೆ ಸಿಗುತ್ತಿದ್ದ ಹೆಸರು ಹಿಂದಿ. 1986ರ ಜನವರಿಯ ಚಳಿಯಲ್ಲಿ ಊರಿನಲ್ಲಿ ಭಾಷೆಯ ಗಣತಿ ನಡೆಯಿತು. ಎರಡೂ ರಾಜ್ಯಗಳ ರಾಜಕಾರಣಿಗಳು ಅಲ್ಲೇ ಬೀಡುಬಿಟ್ಟರು. ಪೊಲೀಸರು, ಪತ್ರಕರ್ತರು ಊರು ತುಂಬಿದರು. ‘ಕಂದೂಖೇಡಾ, ಕರೂ ನಬೇಡಾ’ ಎಂಬ ಮಾತು ಪಂಜಾಬಿನಲ್ಲೆಲ್ಲ ಹಬ್ಬಿತು; ಕಂದೂಖೇಡಾವೇ ಫೈಸಲಾ ಮಾಡುತ್ತದೆ ಅಂತ. ನಿಮ್ಮ ತಾಯ್ನುಡಿ ಯಾವುದು ಅಂತ ಒಬ್ಬ ರೈತನನ್ನು ಕೇಳುವಾಗ, ನೀನು ಯಾವ ರಾಜ್ಯದಲ್ಲಿ ಇರುತ್ತೀಯ, ಕಾಲುವೆ ನೀರು ಯಾರಿಂದ ಬರಬೇಕು ಅಂತಲೂ ಕೇಳಿದ ಹಾಗೆಯೇ. ಊರಿನ ಬಹುಮತ ಪಂಜಾಬಿ ಎಂದಿತು.

ಅಬೋಹರ್ ಮತ್ತು ಫಾಜಿಲ್ಕಾ ಪಟ್ಟಣಗಳನ್ನೂ 83 ಹಳ್ಳಿಗಳನ್ನೂ ಹಿಂದಿ ಭಾಷಿಕ ಎಂದು ಆಯೋಗ ಗುರುತಿಸಿತು. ಆದರೆ ಕಂದೂಖೇಡಾ ಅಡ್ಡ ಇರುವುದರಿಂದ ಕೊಡಲಾಗದು ಎಂದಿತು. ಜನವರಿ 26 ಬಂತು, ಹೋಯಿತು. ಚಂಡೀಗಢ ಇದ್ದಲ್ಲೇ ಇತ್ತು. ಆಮೇಲೆ ಈ ಬಿಸಿ ಕೆಂಡ ಬಂದದ್ದು ನಮ್ಮ ಮಂಡ್ಯ ಜಿಲ್ಲೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರ ಕೈಗೆ. ಈಗ ಸುಪ್ರೀಂ ಕೋರ್ಟ್‌ನಲ್ಲಿರುವ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ ಅವರು. 70,000 ಎಕರೆ ಹರಿಯಾಣಕ್ಕೆ ಸಲ್ಲಬೇಕು ಎಂದರು. ಯಾವ 70,000 ಎಕರೆ ಎಂಬುದನ್ನು ಹೇಳಲು ಮತ್ತೊಂದು ಆಯೋಗ ಬೇಕಾಯಿತು. ಅದರಿಂದಲೂ ಏನೂ ಆಗಲಿಲ್ಲ.

ಈಗ 2011ರ ಅಂಕಿ ನೋಡಿ. ಪಂಜಾಬಿನಲ್ಲಿ ಸಿಖ್ಖರು ಶೇ 58ರ ಹತ್ತಿರ. ತಾಯ್ನುಡಿ ಪಂಜಾಬಿ ಎಂದವರು ಶೇ 90ರ ಹತ್ತಿರ. ಅಂದರೆ ಸಿಖ್ಖರಲ್ಲದವರಲ್ಲಿ ನಾಲ್ವರಿಗೆ ಮೂವರು ಪಂಜಾಬಿ ಅಂತಲೇ ಬರೆಸಿದ್ದಾರೆ. ಹಿಂದಿ ಬರೆಸಿದವರಲ್ಲಿ ಉತ್ತರ ಪ್ರದೇಶ, ಬಿಹಾರದಿಂದ ಕೆಲಸಕ್ಕೆ ಬಂದವರೂ ಸೇರಿದ್ದಾರೆ. 1961ರ ಪಂಜಾಬಿನೊಳಗೆ ಹರಿಯಾಣವೂ ಇತ್ತು, ಹಾಗಾಗಿ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲಾಗದು, ನಿಜ. ಆದರೂ ಲುಧಿಯಾನ, ಜಲಂಧರದ ಹಿಂದೂ ಮನೆಗಳು ಅವತ್ತು ಏನು ಮಾತಾಡುತ್ತಿದ್ದವೋ ಇವತ್ತೂ ಅದನ್ನೇ ಮಾತಾಡುತ್ತಿವೆ. ಉತ್ತರ ಬದಲಾದದ್ದು, ಅದಕ್ಕೆ ಗಡಿಯ ಬೆಲೆ ಇಲ್ಲವಾದ ಮೇಲೆ. ಹರಿಯಾಣದಲ್ಲಿ ಇನ್ನೊಂದು ಬಗೆ. ಪಶ್ಚಿಮ ಪಂಜಾಬಿನಿಂದ ಬಂದ ಹಿಂದೂ ನಿರಾಶ್ರಿತರನ್ನು ಅಲ್ಲಿ ಇವತ್ತಿಗೂ ‘ಪಂಜಾಬಿ’ಗಳು ಅಂತಲೇ ಕರೆಯುತ್ತಾರೆ. ಪಂಜಾಬಿ ಅಲ್ಲದವರಿಗಾಗಿ ಕಟ್ಟಿದ ರಾಜ್ಯವನ್ನು 2014ರಿಂದ ಒಂಬತ್ತು ವರ್ಷ ಆಳಿದ ಮನೋಹರ್ ಲಾಲ್ ಖಟ್ಟರ್ ಅಂಥ ಮನೆಯವರು.

ಗಡಿಯಾಚೆಯ ಪಂಜಾಬಿನಲ್ಲಿ ಕಥೆ ತಲೆಕೆಳಗು. ಪಾಕಿಸ್ತಾನದಲ್ಲಿ ಅತಿ ಹೆಚ್ಚು ಜನರ ತಾಯ್ನುಡಿ ಪಂಜಾಬಿ, 2023ರ ಗಣತಿಯಲ್ಲಿ ಶೇ 37. ಆದರೂ ಶಾಲೆಯ ಭಾಷೆ ಉರ್ದು, ಇಂಗ್ಲಿಷ್. ಲಾಹೋರಿನ ಪ್ರಾಂತೀಯ ವಿಧಾನಸಭೆಯಲ್ಲಿ ಪಂಜಾಬಿಯಲ್ಲಿ ಮಾತಾಡಲು ನಿಯಮ ಬದಲಾಗಿದ್ದು 2024ರಲ್ಲಿ. ಮುಲ್ತಾನ್, ಬಹಾವಲ್‌ಪುರದವರು ನಮ್ಮದು ಪಂಜಾಬಿಯ ಉಪಭಾಷೆ ಅಲ್ಲ, ಸರಾಯ್ಕಿ ಎನ್ನುತ್ತಾರೆ. 1981ರಿಂದ ಅದನ್ನು ಗಣತಿಯಲ್ಲಿ ಬೇರೆಯಾಗಿ ಎಣಿಸುತ್ತಾರೆ. ಎಣಿಕೆ ಬೇರೆಯಾದ ಮೇಲೆ ಪ್ರಾಂತ್ಯವೂ ಬೇರೆ ಬೇಕು ಎಂಬ ಬೇಡಿಕೆಗೆ ಬಲ ಬಂತು.

ಭಾರತದ ಪಂಜಾಬಿನಲ್ಲಿ ರಾಜ್ಯ ಪಾಲು ಮಾಡಿದ 1966ರ ಕಾನೂನು ಇನ್ನೂ ಜೀವಂತ ಇದೆ. ಅಣೆಕಟ್ಟುಗಳ ನೀರು ಹಂಚುವ ಭಾಕ್ರಾ-ಬಿಯಾಸ್ ಮಂಡಳಿ ಹುಟ್ಟಿದ್ದು ಆ ಕಾನೂನಿನಲ್ಲೇ. 2025ರ ಬೇಸಿಗೆಯಲ್ಲಿ ಹರಿಯಾಣ 8,500 ಕ್ಯುಸೆಕ್ ಕೇಳಿ, ಪಂಜಾಬ್ 4,000 ಮಾತ್ರ ಬಿಡುತ್ತೇವೆ ಎಂದಾಗ ಜಗಳ ನಡೆದದ್ದು ಆ ಮಂಡಳಿಯಲ್ಲೇ. ಹರಿಯಾಣಕ್ಕೆ ನೀರು ಒಯ್ಯಬೇಕಾದ ಸಟ್ಲೆಜ್-ಯಮುನಾ ಕಾಲುವೆಯನ್ನು 1982ರಲ್ಲಿ ಪಂಜಾಬಿನ ಕಪೂರಿಯಲ್ಲಿ ಅಗೆಯಲು ಶುರು ಮಾಡಿದರು. ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದರೂ ಪಂಜಾಬಿನ ಪಾಲಿನ ಕೆಲಸ ಮುಗಿದಿಲ್ಲ. ಕಾವೇರಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಚಂಡೀಗಢದ ಆಡಳಿತ ಭಾಷೆ ಇಂಗ್ಲಿಷ್. ಅಲ್ಲಿ ತಾಯ್ನುಡಿ ಪಂಜಾಬಿ ಎಂದವರು 2011ರಲ್ಲಿ ಶೇ 22. ನಗರ ಬೆಳೆದ ಹಾಗೆ ಭಾಷೆಯ ಲೆಕ್ಕದಲ್ಲಿ ಪಂಜಾಬಿನ ಹಕ್ಕು ತೆಳ್ಳಗಾಗುತ್ತಿದೆ. ಅದಕ್ಕೇ ಪಂಜಾಬಿನ ಪಕ್ಷಗಳು ಈಗ ಗಣತಿಯ ಮಾತೆತ್ತುವುದಿಲ್ಲ. ನಮ್ಮ ಹಳ್ಳಿ ಎಬ್ಬಿಸಿ ಕಟ್ಟಿದ್ದು, ಲಾಹೋರಿಗೆ ಬದಲಾಗಿ ಕೊಟ್ಟದ್ದು, 1985ರಲ್ಲಿ ಬರೆದುಕೊಟ್ಟದ್ದು ಎಂಬ ವಾದ ಹಿಡಿಯುತ್ತವೆ. ಹರಿಯಾಣ ಷಾ ಆಯೋಗದ ವರದಿ ತೋರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಎರಡೂ ವಿಧಾನಸಭೆಗಳು ಕೆಲವೇ ದಿನಗಳ ಅಂತರದಲ್ಲಿ ಒಂದಕ್ಕೊಂದು ಎದುರಾಗಿ ನಿರ್ಣಯ ಮಾಡಿದವು. ಕೇಂದ್ರಕ್ಕೆ ಇಬ್ಬರ ಜಗಳದಲ್ಲಿ ನಗರ ತನ್ನ ಬಳಿಯೇ ಇರುವುದು ಅನುಕೂಲ. 2016ರಲ್ಲೂ ಬೇರೆ ಆಡಳಿತಾಧಿಕಾರಿಯನ್ನು ನೇಮಿಸಲು ಹೋಗಿ, ಪಂಜಾಬ್ ತಿರುಗಿಬಿದ್ದ ಕೂಡಲೇ ಹಿಂದೆ ಸರಿದಿತ್ತು. 2025ರಲ್ಲಿ ಆದದ್ದು ಅದರ ಮರುಪ್ರದರ್ಶನ.

ಮುಂದಿನ ಜನಗಣತಿಯ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಪಂಜಾಬ್ ವಿಧಾನಸಭೆಯ ಅವಧಿ ಮುಗಿಯುವುದು ಅದರ ಮರುತಿಂಗಳು. ಹಾಗಾಗಿ ಗಣತಿದಾರರೂ ಮತ ಕೇಳುವವರೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಮನೆಬಾಗಿಲಿಗೆ ಬರುತ್ತಾರೆ. ಈ ಸಲ ಎಲ್ಲರ ಕಣ್ಣು ಜಾತಿಯ ಕಾಲಂ ಮೇಲಿದೆ. ಭಾಷೆಯ ಕಾಲಂ ಬಗ್ಗೆ ಹೇಳುವುದಾದರೆ, ಪಂಜಾಬಿನಲ್ಲಿ ಅದು ತಣ್ಣಗೇ ಇರುತ್ತದೆ ಎಂಬುದು ನನ್ನ ಅಂದಾಜು. ಅಲ್ಲಿ ಯಾರ ಗಡಿಯೂ ಈಗ ಅದರ ಮೇಲೆ ನಿಂತಿಲ್ಲ. ಚಂಡೀಗಢದ ಅಂಕಿಯನ್ನು ಮಾತ್ರ ಮೂರು ಸರ್ಕಾರಗಳೂ ಕಾದು ನೋಡುತ್ತವೆ.